ಹಾಲಿನ ಲೆಕ್ಕದ ಪಕ್ಕದ ಚುಕ್ಕಿಗಳು

ಶಿವಮೊಗ್ಗದ ರವೀಂದ್ರನಗರದ ನಮ್ಮ ಹಳೆಯ ಮನೆಯಲ್ಲಿ ಸಂಜೆ ಏಳೂವರೆಗೆ ತೇರ್ಸ್. ಜಪಮಾಲೆಯ ಪ್ರಾರ್ಥನೆಗೆ ಕೊಂಕಣಿ ಕಥೋಲಿಕರ ಮನೆಮಾತಿನ ಹೆಸರು ಅದು. ಗೋಡೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೆ ಸದಾ ಉರಿಯುವ ಸಣ್ಣ ಕೆಂಪು ಬಲ್ಬು, ನೆಲಕ್ಕೆ ಚಾಪೆ. ನಾವು ಮಣಿ ಎಣಿಸುವ ಹೊತ್ತಿಗೆ ಗಣಪತಿ ದೇವಸ್ಥಾನದಿಂದ ಮಂಗಳಾರತಿಯ ಗಂಟೆ ಕೇಳುತ್ತಿತ್ತು. ಎರಡು ಸದ್ದನ್ನೂ ಒಟ್ಟಿಗೆ ಕೇಳಿಕೊಂಡು ಬೆಳೆದವನು ನಾನು.

ಪ್ರಾರ್ಥನೆ ನಡೆಸುತ್ತಿದ್ದವಳು ಅಜ್ಜಿ. ವ್ಹಡ್ಲಿಮಾಂಯ್ ಎಂದು ಕರೆಯುತ್ತಿದ್ದೆವು. ಜಪಮಾಲೆಯಲ್ಲಿ ಹತ್ತು ಮಣಿಗೊಮ್ಮೆ ಯೇಸು ಕಲಿಸಿದ ಪ್ರಾರ್ಥನೆ ಬರುತ್ತದೆ. ಆರಂಭದ್ದೂ ಸೇರಿ ಒಂದು ಸಂಜೆಗೆ ಆರು ಸಲ. ತಪ್ಪು ಮಾಡಿದವರಿಗೆ ನಾವು ಕೊಡುವ ಕ್ಷಮೆಯ ಅಳತೆಯಲ್ಲೇ ನಮಗೂ ಕ್ಷಮೆ ಬೇಡುವ ಮಾತೊಂದು ಅದರ ನಡುವೆ ಇದೆ. ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ, ಆ ಮಾತು ಬಂದಾಗಲೆಲ್ಲ ಅಜ್ಜಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಾವು ಹೇಳಿ ಮುಗಿಸುವವರೆಗೆ ಸುಮ್ಮನಿದ್ದು ಮುಂದಿನ ಮಾತಿನಿಂದ ಮತ್ತೆ ಸೇರಿಕೊಳ್ಳುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟೆ. "ಪಕ್ಕದ ಮನೆಯವರ ಮೇಲೆ ಸಿಟ್ಟಿದೆ ಪುತಾ. ದೇವರ ಮುಂದೆ ಸುಳ್ಳು ಹೇಳೋಕೆ ಆಗಲ್ಲ" ಎಂದಳು.

ಸಿಟ್ಟಿಗೆ ಕಾರಣ ನುಗ್ಗೆಮರ. ಅವರ ಕಾಂಪೌಂಡಿಗೆ ಬಾಗಿದ ಕೊಂಬೆಯನ್ನು ಅವರು ಹೇಳದೆ ಕೇಳದೆ ಕಡಿಸಿದ್ದರು. ಇವಳೇ ಕಡ್ಡಿ ನೆಟ್ಟು, ನೀರು ಹೊತ್ತು ಸಾಕಿದ ಮರ. ಮಳೆಗಾಲ ಕಳೆಯಿತು, ಕನ್ಯಾಮರಿಯಳ ಹುಟ್ಟುಹಬ್ಬವಾದ ಮೊಂತಿ ಹಬ್ಬದ ಹೊಸ ತೆನೆ ಮನೆಗೆ ಬಂತು, ಅಜ್ಜಿಯ ಮೌನ ಹಾಗೇ ಇತ್ತು. ಕ್ರಿಸ್ಮಸ್ಸಿಗೆ ಇನ್ನೇನು ಎರಡು ವಾರ ಇದೆ ಎನ್ನುವಾಗ ಒಂದು ಸಂಜೆ ಅವಳ ದನಿ ನಿಲ್ಲದೆ ಮುಂದುವರಿಯಿತು. ಆರು ಸಲವೂ. ಯಾರೂ ಏನೂ ಮಾತಾಡಲಿಲ್ಲ. ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಹಿತ್ತಿಲ ಕಟ್ಟೆಯ ಮೇಲೆ ನಮ್ಮ ಮರದ ಒಂದು ಕಟ್ಟು ನುಗ್ಗೆಕಾಯಿ ಇತ್ತು.

ಕ್ರೈಸ್ತ ಗುಣ ಹೇಗೆ ಬೆಳೆಯುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಐದಾರು ತಿಂಗಳ ಮೌನ. ಅಜ್ಜಿಗೆ ಕ್ಷಮಿಸಬೇಕೆಂಬ ಉಪದೇಶವನ್ನು ಯಾರೂ ಹೊಸದಾಗಿ ಕೊಡಲಿಲ್ಲ. ಪ್ರಾರ್ಥನೆಯೇ ಅವಳನ್ನು ದಿನಕ್ಕೆ ಆರು ಸಲ ತಡೆದು ನಿಲ್ಲಿಸುತ್ತಿತ್ತು. ತೇರ್ಸ್ ತಪ್ಪಿಸಿದ್ದರೆ ಆ ಸಿಟ್ಟು ಸುಖವಾಗಿ ಅವಳ ಜೊತೆಯಲ್ಲೇ ಮುದಿಯಾಗುತ್ತಿತ್ತು. ಅವಳು ತಪ್ಪಿಸಲಿಲ್ಲ, ಸುಳ್ಳೂ ಹೇಳಲಿಲ್ಲ. ಈ ಎರಡೂ ಒಟ್ಟಿಗೆ ಇದ್ದದ್ದರಿಂದಲೇ ನುಗ್ಗೆಕಾಯಿ ಗೋಡೆ ದಾಟಿತು.

ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕಥೋಲಿಕರು, ಕಾರ್ಖಾನೆ ಕೆಲಸಕ್ಕೆಂದು ಭದ್ರಾವತಿಗೆ ಬಂದ ತಮಿಳು, ಮಲಯಾಳ, ತೆಲುಗು ಮಾತಿನ ಕ್ರೈಸ್ತರು, ವೆಸ್ಲಿಯನ್ ಮಿಷನ್ನಿನ ಕಾಲದಿಂದ ಇಲ್ಲಿರುವ ಕನ್ನಡ ಪ್ರೊಟೆಸ್ಟೆಂಟರು, ಹೀಗೆ ಹಲವು ಕಡೆಯಿಂದ ಸೇರಿದ ಜನ ಶಿವಮೊಗ್ಗ ಸೀಮೆಯ ಕ್ರೈಸ್ತರು. ಶಿವಮೊಗ್ಗ ಕಥೋಲಿಕ ಧರ್ಮಕ್ಷೇತ್ರವಾದದ್ದು 1988ರಲ್ಲಿ. ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯವನ್ನು ನೋಡಲು ದೂರದ ಊರಿನವರೂ ಬರುತ್ತಾರೆ. ನಾನೀಗ ಹೇಳಹೊರಟದ್ದು ಆ ದೊಡ್ಡ ಗುಡಿಯೊಳಗಿನ ಮಾತಲ್ಲ. ಮನೆಯ ಚಾಪೆ, ಅಡುಗೆಮನೆ, ಕಾರ್ಖಾನೆಯ ಪಾಳಿ, ಆಸ್ಪತ್ರೆಯ ವಾರ್ಡು ಇವುಗಳ ಮಾತು. ನಮ್ಮಪ್ಪನ ಮನೆ ಕಥೋಲಿಕ, ಅಮ್ಮನ ತವರು ಭದ್ರಾವತಿಯ ಸಿ.ಎಸ್.ಐ. ಪ್ರೊಟೆಸ್ಟೆಂಟ್ ಮನೆ. ಹಾಗಾಗಿ ಎರಡೂ ಬಗೆಯ ರೂಢಿ ನನ್ನ ಪಾಲಿಗೆ ಬಂತು.

ಸಂತ ಪೌಲ ಗಲಾತ್ಯದ ಸಭೆಗಳಿಗೆ ಬರೆದ ಪತ್ರದಲ್ಲಿ ಒಂಬತ್ತು ಗುಣಗಳನ್ನು ಹೇಳಿ, ಅವೆಲ್ಲ ಸೇರಿ ಪವಿತ್ರಾತ್ಮನ ಫಲ ಎನ್ನುತ್ತಾನೆ. ಮೂಲ ಗ್ರೀಕಿನಲ್ಲಿ ಆ ಮಾತು ಏಕವಚನ. ಒಂಬತ್ತು ಹಣ್ಣಲ್ಲ, ಒಂದೇ ಫಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ದುಡಿದು 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂತು. ಆಮೇಲಿನವರು ಅದನ್ನು ತಿದ್ದುತ್ತಾ ಬಂದರು. ಆ ಪರಂಪರೆಯ ಹಳೆಯ ಕನ್ನಡ ಬೈಬಲ್ಲಿನಲ್ಲಿ ಈ ಒಂಬತ್ತರ ಪಟ್ಟಿಯೊಳಗಿನ ಎರಡು ಪದಗಳು ನನಗೆ ಬಹಳ ಇಷ್ಟ. ಒಂದು ದೀರ್ಘಶಾಂತಿ. ತಾಳ್ಮೆ ಎಂದರೆ ಸಾಕಿತ್ತು, ಆದರೆ ಶಾಂತಿಯನ್ನು ಉದ್ದಕ್ಕೆ ಎಳೆದುಕೊಂಡು ಹೋಗಬೇಕಾದ ಕಷ್ಟ ಆ ಪದದಲ್ಲೇ ಕೇಳುತ್ತದೆ. ಇನ್ನೊಂದು ಶಮೆದಮೆ. ಮನಸ್ಸನ್ನೂ ಇಂದ್ರಿಯಗಳನ್ನೂ ಹಿಡಿತಕ್ಕೆ ತರುವುದಕ್ಕೆ ಈ ನೆಲದ ಸಾಧಕರು ಬಳಸಿ ಸವೆಸಿದ ಶಮ, ದಮ ಎಂಬ ಮಾತುಗಳನ್ನೇ ಅನುವಾದಕರು ಎತ್ತಿಕೊಂಡರು. ಪೌಲ ಹೇಳುತ್ತಿರುವುದು ಇಲ್ಲಿಯ ಜನ ಬಹುಕಾಲದಿಂದ ಬಲ್ಲ ಒಂದು ಸಾಧನೆ ಎಂದು ಅವರಿಗೆ ಹೊಳೆದಿರಬೇಕು. ಕನ್ನಡದ 'ನಡತೆ'ಯೂ ಹಾಗೇ, ನಡೆ ಎಂಬ ಬೇರಿನಿಂದ ಚಿಗುರಿದ್ದು. ದಿನಾ ಕಾಲು ಎಲ್ಲಿಗೆ ಹೋಗುತ್ತದೋ ಅದು ನಡತೆ.

ಫಲ ಎಂದ ಮೇಲೆ ಅಡಿಕೆ ಸೀಮೆಯವನಾದ ನನಗೆ ತೋಟ ನೆನಪಾಗದೆ ಇರುವುದಿಲ್ಲ. ಸಸಿ ನೆಟ್ಟ ಮೇಲೆ ಫಸಲಿಗೆ ಐದಾರು ವರ್ಷವಾದರೂ ಕಾಯಬೇಕು. ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ; ಬಸಿಗಾಲುವೆ ಬಿಡಿಸಬೇಕು, ಸೊಪ್ಪು ಗೊಬ್ಬರ ಹಾಕಬೇಕು, ಬಿಸಿಲಿಗೆ ಮರೆ ಕಟ್ಟಬೇಕು. ಹಿಂಗಾರ ಒಡೆಸುವುದು ಮಾತ್ರ ನಮ್ಮ ಕೈಯಲ್ಲಿಲ್ಲ. ಕ್ರೈಸ್ತ ಸಾಧನೆಯ ಇಡೀ ತತ್ವ ಇಷ್ಟರಲ್ಲೇ ಇದೆ ಎಂದು ನನ್ನ ನಂಬಿಕೆ. ಗುಣ ಕೊಡುವುದು ದೇವರ ಕೃಪೆ, ಅದು ನಮ್ಮ ದುಡಿಮೆಗೆ ಸಿಗುವ ಕೂಲಿಯಲ್ಲ. ಆದರೆ ಬಸಿಗಾಲುವೆ ಬಿಡಿಸದವನ ತೋಟದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ.

ಇದಕ್ಕಿಂತ ದೊಡ್ಡ ಪಾಠ ಕೊಳೆರೋಗದ್ದು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳನ್ನು ಸುತ್ತಿ, ಅಡಿಕೆಯ ಕೊಳೆಗೆ ಕಾರಣ ಒಂದು ಶಿಲೀಂಧ್ರ ಎಂದು 1910ರಲ್ಲಿ ಬರೆದ. ಅಲ್ಲಿಯವರೆಗೆ ರೈತರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳುತ್ತಿದ್ದರು. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಆಮೇಲೆ ರೂಢಿಗೆ ಬಂತು. ಅದನ್ನು ಹೊಡೆಯಬೇಕಾದದ್ದು ಮುಂಗಾರು ಹಿಡಿಯುವ ಮೊದಲು, ಗೊನೆ ಹಸಿರಾಗಿ ಚೆನ್ನಾಗಿ ಕಾಣುತ್ತಿರುವಾಗ. ಮತ್ತೆ ನಲವತ್ತು ನಲವತ್ತೈದು ದಿನಕ್ಕೊಮ್ಮೆ. ಕಾಯಿ ಉದುರತೊಡಗಿದ ಮೇಲೆ ಹೊಡೆದರೆ ಉದುರಿದ್ದು ಮರಕ್ಕೆ ವಾಪಸು ಹತ್ತುವುದಿಲ್ಲ. ಪ್ರಾರ್ಥನೆಯನ್ನು ಕಷ್ಟ ಬಂದಾಗಿನ ಮದ್ದು ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು. ಮನಸ್ಸು ನೆಟ್ಟಗಿರುವ ದಿನಗಳಲ್ಲಿ, ಬೇಕೆನಿಸದ ದಿನಗಳಲ್ಲಿ ಮಾಡಿದ ಪ್ರಾರ್ಥನೆಯೇ ಮಳೆ ಹಿಡಿದಾಗ ಕೆಲಸಕ್ಕೆ ಬರುತ್ತದೆ.

ಅಪ್ಪನ ವಿಷಯಕ್ಕೆ ಬರುತ್ತೇನೆ. ಅಪ್ಪನಿಗೆ ಮುಂಗೋಪ. ಕೈ ಮಾಡುತ್ತಿರಲಿಲ್ಲ, ಆದರೆ ಮಾತು ಕೆಂಡ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಿದ್ದಳು, ಅರ್ಧ ಲೀಟರು, ಒಂದು ಲೀಟರು. ಅದೇ ಚೌಕಗಳ ಮೂಲೆಯಲ್ಲಿ ನೀಲಿ ಪೆನ್ನಿನ ಸಣ್ಣ ಚುಕ್ಕಿಗಳಿರುತ್ತಿದ್ದವು. ಒಂದು ದಿನಕ್ಕೆ ಮೂರು, ಒಂದು ದಿನಕ್ಕೆ ಐದು, ಕೆಲವು ದಿನ ಖಾಲಿ. ಅದೂ ಹಾಲಿನದೇ ಲೆಕ್ಕ ಎಂದು ಮಕ್ಕಳೆಲ್ಲ ತಿಳಿದಿದ್ದೆವು. ಅಪ್ಪ ತೀರಿಕೊಂಡ ಮೇಲೆ, ಹಳೆಯ ಕ್ಯಾಲೆಂಡರುಗಳನ್ನು ಪುಸ್ತಕಕ್ಕೆ ಬೈಂಡು ಹಾಕಲು ತೆಗೆದಾಗ ಅಮ್ಮ ಹೇಳಿದಳು: "ಅದು ಹಾಲಿನದಲ್ಲ. ಸಿಟ್ಟು ಮಾಡ್ಕೊಂಡಾಗೆಲ್ಲ ರಾತ್ರಿ ಒಂದೊಂದು ಚುಕ್ಕಿ ಇಡ್ತಿದ್ರು."

ಯಾವುದೋ ಧ್ಯಾನಕೂಟಕ್ಕೆ ಹೋಗಿದ್ದಾಗ ಅಪ್ಪ ಇದನ್ನು ಕಲಿತು ಬಂದಿದ್ದನಂತೆ. ಆಮೇಲೆ ಓದಿ ತಿಳಿದುಕೊಂಡೆ, ಇದು ಯೇಸುಸಭೆಯ ಸ್ಥಾಪಕ ಇಗ್ನಾಸಿಯಸ್ ಲೊಯೋಲಾ ಹೇಳಿಕೊಟ್ಟ ಕ್ರಮ. ಪೋಪರ ಒಪ್ಪಿಗೆ ಪಡೆದು 1548ರಲ್ಲಿ ಅಚ್ಚಾದ ಅವರ ಆಧ್ಯಾತ್ಮಿಕ ಸಾಧನೆಗಳ ಪುಸ್ತಕದಲ್ಲಿ ಇದು ಗೆರೆ ಎಳೆದ ನಕ್ಷೆಯ ಸಮೇತ ಇದೆ. ಒಂದೇ ಒಂದು ದೋಷವನ್ನು ಆರಿಸಿಕೊಳ್ಳಬೇಕು. ಅದಕ್ಕೆ ಬಿದ್ದಾಗಲೆಲ್ಲ ಒಂದು ಚುಕ್ಕಿ. ಇವತ್ತನ್ನು ನಿನ್ನೆಯ ಜೊತೆ, ಈ ವಾರವನ್ನು ಕಳೆದ ವಾರದ ಜೊತೆ ಹೋಲಿಸಿ ನೋಡಬೇಕು. ಇದರ ಜೊತೆಗೆ ಇಡೀ ದಿನದ ಆತ್ಮಶೋಧನೆಯೂ ಉಂಟು. ಅದು ತಪ್ಪಿನ ಲೆಕ್ಕದಿಂದ ಶುರುವಾಗುವುದಿಲ್ಲ, ಮೊದಲು ಆ ದಿನ ಸಿಕ್ಕಿದ ಒಳಿತಿಗೆ ಕೃತಜ್ಞತೆ. ಆಮೇಲೆ ಬೆಳಕು ಬೇಡಿ, ಬೆಳಗಿನಿಂದ ನಡೆದದ್ದನ್ನು ಒಂದೊಂದಾಗಿ ನೋಡಿ, ನೊಂದು, ನಾಳೆಗೆ ಮನಸ್ಸು ಮಾಡುವುದು. ಹದಿನೈದು ನಿಮಿಷದ ಕೆಲಸ.

ಆ ಕ್ಯಾಲೆಂಡರುಗಳಲ್ಲಿ ಸಿಕ್ಕ ಹನ್ನೊಂದು ವರ್ಷದವನ್ನು ನಾನು ಕೂತು ನೋಡಿದ್ದೇನೆ. ಚುಕ್ಕಿಗಳು ವರ್ಷದಿಂದ ವರ್ಷಕ್ಕೆ ಸಲೀಸಾಗಿ ಇಳಿದುಹೋಗಿಲ್ಲ. ಇಳಿದು, ಏರಿ, ನನ್ನ ಅಕ್ಕನ ಮದುವೆಯ ಸಾಲದ ವರ್ಷ ತುಂಬಾ ಏರಿ, ಮತ್ತೆ ಇಳಿದಿವೆ. ಕೊನೆಯ ಎರಡು ವರ್ಷದಲ್ಲಿ ಖಾಲಿ ಚೌಕಗಳು ಹೆಚ್ಚು. ನಾವು ಕಂಡ ಅಪ್ಪನೂ ಹಾಗೇ, ಕೊನೆಗಾಲದಲ್ಲಿ ಮೆತ್ತಗಾಗಿದ್ದ. ವಯಸ್ಸಾಯಿತು, ಅದಕ್ಕೇ ಮೆತ್ತಗಾದ ಎಂದುಕೊಂಡಿದ್ದೆವು. ಒಬ್ಬ ಮನುಷ್ಯ ನಮ್ಮ ಕಣ್ಣೆದುರೇ, ಹಾಲಿನ ಲೆಕ್ಕದ ಪಕ್ಕದಲ್ಲೇ ಅಷ್ಟು ವರ್ಷ ತನ್ನ ಜೊತೆ ತಾನು ಹೋರಾಡುತ್ತಿದ್ದದ್ದು ನಮಗೆ ಗೊತ್ತಾಗಲೇ ಇಲ್ಲ. ಅದನ್ನು ನೆನೆದಾಗ ಇವತ್ತಿಗೂ ಎದೆ ತುಂಬಿ ಬರುತ್ತದೆ.

ಭದ್ರಾವತಿಯ ಸೋದರಮಾವನದು ಇನ್ನೊಂದು ದಾರಿ. ಕಬ್ಬಿಣದ ಕಾರ್ಖಾನೆಯಲ್ಲಿ ಅವನಿಗೆ ಪಾಳಿ ಕೆಲಸ. ಮೈಸೂರು ಸಂಸ್ಥಾನ ಕಟ್ಟಿಸಿದ, 1923ರಲ್ಲಿ ಉತ್ಪಾದನೆ ಶುರುಮಾಡಿದ ಆ ಕಾರ್ಖಾನೆಯ ಸೈರನ್ನೇ ಊರಿಗೆ ಗಡಿಯಾರವಾಗಿತ್ತು. ವಾರ ವಾರ ಪಾಳಿ ಬದಲಾಗುವವನಿಗೆ ಸಂಜೆ ಏಳೂವರೆಯ ಪ್ರಾರ್ಥನೆ ಎಂಬುದಿಲ್ಲ. ಮಾವ ತನ್ನ ಪ್ರಾರ್ಥನೆಯನ್ನು ಊಟದ ಡಬ್ಬಿಗೆ ಕಟ್ಟಿಕೊಂಡಿದ್ದ. ಯಾವ ಪಾಳಿಯಾದರೂ ಡಬ್ಬಿ ಬಿಚ್ಚುವ ಮೊದಲು ಅಂದಿನ ವಾಕ್ಯ, ಐದು ನಿಮಿಷ ಮೌನ. ವಾಕ್ಯವನ್ನು ಮನೆಯ ಗೋಡೆಯ ಕ್ಯಾಲೆಂಡರಿನಿಂದ ಓದಿ ನೆನಪಿಟ್ಟುಕೊಂಡು ಹೋಗುತ್ತಿದ್ದ. ದಿನಕ್ಕೊಂದು ವಾಕ್ಯ ಹಿಡಿದು ಬದುಕುವ ಈ ರೂಢಿಗೆ ದೊಡ್ಡ ಇತಿಹಾಸವೇ ಇದೆ. ಜರ್ಮನಿಯ ಹೆರ್ನ್‌ಹೂಟ್ ಎಂಬ ಹಳ್ಳಿಯ ಮೊರೇವಿಯನ್ನರು ಬೆಳಿಗ್ಗೆ ಮನೆ ಮನೆಗೆ ಹೋಗಿ ಅಂದಿನ ವಾಕ್ಯ ಹೇಳಿ ಬರುತ್ತಿದ್ದರು. 1731ರಿಂದ ಅದು ವರ್ಷವರ್ಷವೂ ಪುಸ್ತಕವಾಗಿ ಬರುತ್ತಿದೆ.

ಪ್ಯಾರಿಸ್ಸಿನ ಮಠವೊಂದರ ಅಡುಗೆಮನೆಯಲ್ಲಿ ಹದಿನೇಳನೇ ಶತಮಾನದಲ್ಲಿ ದುಡಿಯುತ್ತಿದ್ದ ಸಹೋದರ ಲಾರೆನ್ಸರ ಕತೆಯನ್ನು ಮೊದಲು ನನಗೆ ಹೇಳಿದವನೂ ಈ ಮಾವನೇ. ಯುದ್ಧದಲ್ಲಿ ಕಾಲಿಗೆ ಪೆಟ್ಟು ತಿಂದ ಸಿಪಾಯಿ, ಓದು ಹೆಚ್ಚಿಲ್ಲ, ಮಠಕ್ಕೆ ಸೇರಿದ ಮೇಲೆ ಸಿಕ್ಕಿದ್ದು ಅಡುಗೆಮನೆ. ಆ ಕೆಲಸ ಅವರಿಗೆ ಒಂದಿಷ್ಟೂ ಇಷ್ಟವಿರಲಿಲ್ಲ. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಜೊತೆ ಮಾತಾಡುತ್ತಾ ಇರುವುದನ್ನು ಹತ್ತಾರು ವರ್ಷ ರೂಢಿ ಮಾಡಿಕೊಂಡು, ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಎನ್ನುವ ಭೇದವೇ ತನಗೆ ಉಳಿದಿಲ್ಲ ಎನ್ನುವಲ್ಲಿಗೆ ಬಂದರು. 1691ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಕಾಗದಗಳೂ ಮಾತುಗಳೂ ಸೇರಿ ಒಂದು ಸಣ್ಣ ಪುಸ್ತಕವಾಯಿತು. ಕುಲುಮೆಯ ಎದುರು ಬೆವರಿ ಬಂದವನಿಗೆ ಆ ಪುಸ್ತಕ ಹೇಗೆ ತಾಗಿರಬೇಕು ಎಂಬುದು ನನಗೀಗ ಅರ್ಥವಾಗುತ್ತದೆ. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ನಿರ್ಧಾರ ಹೊರಬಿದ್ದಾಗ ಮಾವ ನಿವೃತ್ತನಾಗಿ ಎಷ್ಟೋ ವರ್ಷ ಆಗಿತ್ತು. ಗುತ್ತಿಗೆ ಕಾರ್ಮಿಕರ ಮನೆಗಳಿಗೆ ಸಂಜೆ ಹೊತ್ತು ಹೋಗಿ ಸುಮ್ಮನೆ ಕೂತು ಬರುತ್ತಿದ್ದ. ಏನು ಹೇಳಿ ಬಂದೆ ಎಂದರೆ, "ಹೇಳೋಕೆ ಏನಿದೆ? ಟೀ ಕುಡಿದು ಬಂದೆ" ಎನ್ನುತ್ತಿದ್ದ.

ಅಮ್ಮನ ತವರಿನ ಈ ಮನೆಭೇಟಿಯ ಗುಣಕ್ಕೆ ವೆಸ್ಲಿಯ ಬೇರಿದೆ. ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿಯವರ ಅನುಯಾಯಿಗಳು 1742ರಲ್ಲಿ ಬ್ರಿಸ್ಟಲ್ಲಿನ ಸಭಾಮಂದಿರದ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ಕೂಡಿಸತೊಡಗಿದರು. ಹನ್ನೆರಡು ಜನಕ್ಕೊಬ್ಬ ಮುಖಂಡ, ಮನೆ ಮನೆಗೆ ಹೋಗಿ ಕಾಸು ತರಬೇಕು. ಹೋದವರಿಗೆ ಆ ಮನೆಗಳ ಜಗಳ, ಕುಡಿತ, ಹಸಿವು ಕಣ್ಣಿಗೆ ಬಿತ್ತು. ಚಂದಾ ಎತ್ತುವ ಏರ್ಪಾಡು ಹೋಗಿ, ವಾರಕ್ಕೊಮ್ಮೆ ಕೂತು ನಿನ್ನ ಆತ್ಮ ಹೇಗಿದೆ ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಕೂಟಗಳಾದವು. ಮರುವರ್ಷ ವೆಸ್ಲಿ ಬರೆದ ನಿಯಮಗಳ ತಿರುಳು ಮೂರೇ: ಕೇಡು ಮಾಡಬೇಡ, ಒಳಿತು ಮಾಡು, ಪ್ರಾರ್ಥನೆ, ವೇದಪಾರಾಯಣ, ಉಪವಾಸ, ಕರ್ತನ ಭೋಜನ ಇವನ್ನು ಬಿಡಬೇಡ. ಬೇರೆಯವರಿಗೆ ಉತ್ತರ ಕೊಡಬೇಕಾದ ಇಂಥ ಕೂಟ ಇವತ್ತು ನಮ್ಮ ಸಭೆಗಳಲ್ಲಿ ತೆಳ್ಳಗಾಗಿದೆ. ಬೆಳಿಗ್ಗೆ ಐದಕ್ಕೇ ವಾಟ್ಸಾಪ್ ಗುಂಪಿಗೆ ವಾಕ್ಯ ಬಂದು ಬೀಳುತ್ತದೆ, ನಲವತ್ತು ಕೈಮುಗಿದ ಚಿತ್ರಗಳೂ ಬೀಳುತ್ತವೆ. ಆದರೆ ಕಳೆದ ವಾರ ಹೆಂಡತಿಯ ಜೊತೆ ಹೇಗೆ ಮಾತಾಡಿದೆ ಎಂದು ಕೇಳುವ ಒಬ್ಬ ಮನುಷ್ಯ ಆ ಗುಂಪಿನಲ್ಲಿಲ್ಲ. ಇದು ನನಗೆ ನಿಜವಾದ ನೋವು.

ಕಥೋಲಿಕರಲ್ಲಿ ಮನೆಭೇಟಿಯನ್ನೇ ಸಾಧನೆ ಮಾಡಿಕೊಂಡದ್ದು ಸಂತ ವಿನ್ಸೆಂಟ್ ದೆ ಪೌಲ್ ಸಭೆ. ಪ್ಯಾರಿಸ್ಸಿನಲ್ಲಿ 1833ರಲ್ಲಿ ಅದನ್ನು ಶುರುಮಾಡಿದಾಗ ಫ್ರೆಡರಿಕ್ ಒಜನಾಮ್ ಇಪ್ಪತ್ತು ವರ್ಷದ ವಿದ್ಯಾರ್ಥಿ. ಹಣ ಕಳಿಸಿದರೆ ಸಾಲದು, ಬಡವನ ಮನೆಯ ಹೊಸಿಲು ತುಳಿಯಬೇಕು ಎಂಬುದು ಅವರ ಪಟ್ಟು. ಅಮ್ಮ ಯಾವ ಸಭೆಯ ಸದಸ್ಯೆಯೂ ಆಗಿರಲಿಲ್ಲ. ಬುಧವಾರ ಬುಧವಾರ ಫ್ಲಾಸ್ಕಿನಲ್ಲಿ ಗಂಜಿ, ಒಂದು ಡಬ್ಬಿಯಲ್ಲಿ ನಿಂಬೆ ಉಪ್ಪಿನಕಾಯಿ ತೆಗೆದುಕೊಂಡು ಮೆಗ್ಗಾನ್ ಆಸ್ಪತ್ರೆಗೆ ಹೋಗುತ್ತಿದ್ದಳು. ಹಳ್ಳಿಗಳಿಂದ ಬಂದು, ಜೊತೆಗೆ ಯಾರೂ ಇಲ್ಲದೆ ಮಲಗಿರುವವರು ಒಬ್ಬಿಬ್ಬರು ಯಾವಾಗಲೂ ಸಿಗುತ್ತಿದ್ದರು. ಮೊದಮೊದಲು ಆ ವಾಸನೆಗೆ ಹೊಟ್ಟೆ ತೊಳಸಿ ಬಂದು, ಮನೆಗೆ ಬಂದು ವಾಂತಿ ಮಾಡಿಕೊಂಡಳಂತೆ. ವರ್ಷವಾದ ಮೇಲೆ ವಾಸನೆ ತಿಳಿಯುವುದು ನಿಂತಿತು. "ಕರುಣೆ ಬಂದು ಹೋದವಳಲ್ಲ ನಾನು. ಹೋಗ್ತಾ ಹೋಗ್ತಾ ಕರುಣೆ ಬಂತು" ಎಂದು ಅವಳೇ ಒಮ್ಮೆ ಹೇಳಿದ್ದಳು. ಒಳಗೆ ಭಾವ ಹುಟ್ಟಲಿ, ಆಮೇಲೆ ಮಾಡೋಣ ಎಂದು ಕಾಯುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ತಪಸ್ಸುಕಾಲದ ನಲವತ್ತು ದಿನ ಮನೆಯಲ್ಲಿ ಮೀನು, ಮಾಂಸ ಕಡಿಮೆ. ಉಳಿದ ಕಾಸು ಪ್ರತ್ಯೇಕ ಡಬ್ಬಿಗೆ. ಉಳಿತಾಯ ಬೇರೆಯವರ ತಟ್ಟೆಗೆ ಹೋಗದಿದ್ದರೆ ಅದು ಉಪವಾಸವಲ್ಲ, ಬರೀ ಪಥ್ಯ. ಮಿಜೋರಾಮಿನ ಕ್ರೈಸ್ತ ಹೆಂಗಸರು 1910ರಿಂದ ಪ್ರತಿ ಹೊತ್ತಿನ ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿ ಸಭೆಗೆಂದು ತೆಗೆದಿಡುತ್ತಾ ಬಂದಿದ್ದಾರೆ. ನಮ್ಮ ಹಿಡಿಯಕ್ಕಿಯ ಹಾಗೇ.

ಉತ್ತಂಗಿ ಚನ್ನಪ್ಪನವರನ್ನು ನೆನೆಯದೆ ಕನ್ನಡದಲ್ಲಿ ಈ ವಿಷಯ ಬರೆಯಲಾರೆ. ಕ್ರೈಸ್ತ ಸಭೆಯ ಪಾಲಕರಾಗಿದ್ದ ಅವರು ಸರ್ವಜ್ಞನ ತ್ರಿಪದಿಗಳನ್ನು ಜನರ ಬಾಯಿಂದ, ಹಳೆಯ ಪ್ರತಿಗಳಿಂದ ವರ್ಷಗಟ್ಟಲೆ ಹೆಕ್ಕಿ, ಪಾಠ ಹೋಲಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಬೇರೆ ದಾರಿಯ ಸಾಧಕನೊಬ್ಬನ ಮಾತಿಗೆ ಅಷ್ಟು ವರ್ಷ ಶ್ರದ್ಧೆಯಿಂದ ಕಿವಿಗೊಡುವುದು ವಿದ್ವತ್ತು ಮಾತ್ರ ಎಂದು ನನಗೆ ಅನಿಸುವುದಿಲ್ಲ. ಕಿವಿಗೊಡುವುದೂ ದೀನತೆಯ ಒಂದು ದಿನಚರಿಯೇ.

ದಿನಾ ಪ್ರಾರ್ಥನೆ ಮಾಡಿಯೂ ಮನೆಯವರನ್ನು ಹಿಂಸಿಸುವವರಿಲ್ಲವೇ? ಇದ್ದಾರೆ. ಮೊದಲ ಬೆಂಚಿನಲ್ಲಿ ಕೂತು ಹಾಡಿ, ಮನೆಗೆ ಬಂದು ಸೊಸೆಗೆ ಎರಡು ದಿನ ಅನ್ನ ಹಾಕದವರನ್ನು ನಾನು ಕಂಡಿದ್ದೇನೆ. ಕ್ರಿಸ್ತಪೂರ್ವ ಎಂಟನೇ ಶತಮಾನದಲ್ಲೇ, ಕುರಿ ಕಾಯುತ್ತಿದ್ದ ಪ್ರವಾದಿ ಆಮೋಸ ಇಂಥ ಹಾಡುಗಳನ್ನು ದೇವರು ಕೇಳಿಸಿಕೊಳ್ಳಲಾರ ಎಂದು ಸಿಡಿದಿದ್ದ. ಕಾಣಿಕೆಯನ್ನು ಬಲಿಪೀಠದ ಮುಂದೆ ಹಾಗೇ ಬಿಟ್ಟು, ಮೊದಲು ಹೋಗಿ ಸಹೋದರನ ಜೊತೆ ರಾಜಿಯಾಗು ಎಂದು ಯೇಸುವೇ ಹೇಳಿದ. ರೂಢಿ ಕಟ್ಟಿಕೊಂಡವರೆಲ್ಲ ಬದಲಾಗುವುದಿಲ್ಲ, ನಿಜ. ರೂಢಿಯ ಒಳಗೆ ಸತ್ಯ ಹೇಳಬೇಕು. ಅಜ್ಜಿ ಬಾಯಿ ಮುಚ್ಚಿಕೊಂಡದ್ದು, ಅಪ್ಪ ಚುಕ್ಕಿ ಇಟ್ಟದ್ದು ಎರಡೂ ತಮ್ಮ ಮೇಲೆ ತಾವೇ ಹೇಳಿಕೊಂಡ ಸತ್ಯ. ಅದಿಲ್ಲದ ಜಪ ಎಷ್ಟು ವರ್ಷ ಮಾಡಿದರೂ ಮಣಿ ಸವೆಯುತ್ತದೆ, ಮನುಷ್ಯ ಸವೆಯುವುದಿಲ್ಲ.

ಈಗ ಮನೆಯಲ್ಲಿ ತೇರ್ಸ್ ನಡೆಸುವುದು ನಾನು. ಎಂಟೂವರೆಗೆ, ಮಗಳ ಟ್ಯೂಷನ್ ಮುಗಿದ ಮೇಲೆ. ಮುಗಿದ ಕೂಡಲೇ ಅವಳು ಬಂದು ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಾಳೆ, ನಾನು ಅವಳ ತಲೆ ಮುಟ್ಟುತ್ತೇನೆ, ಅವಳಮ್ಮನೂ ಮುಟ್ಟುತ್ತಾಳೆ. ಕಳೆದ ಹದಿನೆಂಟು ದಿನದಿಂದ ಆ ಒಂದು ಮಾತು ಬಂದಾಗ ನನ್ನ ದನಿ ನಿಲ್ಲುತ್ತಿದೆ. ಇಪ್ಪತ್ತು ವರ್ಷದ ಗೆಳೆಯರೊಬ್ಬರು ನಾಲ್ಕು ಜನರೆದುರು ನನ್ನನ್ನು ಸುಳ್ಳುಗಾರ ಎಂದರು. ಮೊನ್ನೆ ಮಗಳು ಮಣಿ ಹಿಡಿದುಕೊಂಡೇ ತಲೆ ಎತ್ತಿ ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ.

ಆ ಗೆಳೆಯರ ಅಂಗಡಿಗೆ ಭಾನುವಾರ ರಜೆ. ಸೋಮವಾರ ಹತ್ತು ಗಂಟೆಗೆ ಬಾಗಿಲು ತೆಗೆಯುತ್ತಾರೆ.